ಅಮ್ಮನ ಹಾಡಿನ ಫೋನು

“ಹಾಯ್ ಫ್ರೆಂಡ್ಸ್! ಇವತ್ತು ನಿಮ್ಮ ಮುಂದೆ ಒಂದು ಹೊಚ್ಚ ಹೊಸ ಮೊಬೈಲ್...”

“ಅಕ್ಕಾ, ತಡಿ ತಡಿ! ನಾನಿನ್ನೂ ರೆಕಾರ್ಡ್ ಒತ್ತೇ ಇಲ್ಲ.”

“ಅಯ್ಯೋ ಮಾರಾಯ! ಇದು ಮೂರನೇ ಸಲ ಕಣೋ!”

ಗಿಣಿ ಸೊಂಟದ ಮೇಲೆ ಕೈಯಿಟ್ಟುಕೊಂಡು ತಮ್ಮನನ್ನು ದುರುಗುಟ್ಟಿ ನೋಡಿದಳು. ತಮ್ಮ ಮಗುಚಿಟ್ಟ ಬಕೆಟ್ ಮೇಲೆ ನಿಂತು, ಅಪ್ಪನ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಒಂದು ಕಣ್ಣು ಮುಚ್ಚಿದ್ದ. ಕ್ಯಾಮರಾಮನ್ ಆದವನು ಒಂದು ಕಣ್ಣು ಮುಚ್ಚಲೇಬೇಕು ಎಂದು ಅವನಿಗೆ ಯಾರು ಹೇಳಿಕೊಟ್ಟಿದ್ದರೋ!

ಇಬ್ಬರೂ ಇದ್ದದ್ದು ಮನೆಯ ತಾರಸಿಯ ಮೇಲೆ. ಅಪ್ಪನಿಗೆ ರಾತ್ರಿ ಪಾಳಿಯ ಕೆಲಸ. ಸಂಜೆಯವರೆಗೂ ನಿದ್ದೆ. ಹಾಗಾಗಿ ಮನೆಯೊಳಗೆ ಜೋರಾಗಿ ಮಾತಾಡುವ ಹಾಗಿಲ್ಲ, ಕುರ್ಚಿ ಎಳೆಯುವ ಹಾಗಿಲ್ಲ, ಟಿವಿ ಅಂತೂ ಕೇಳಲೇಬೇಡಿ. ಗಲಾಟೆ ಏನಿದ್ದರೂ ತಾರಸಿಯಲ್ಲಿ.

ಕೇಳಿದ್ದನ್ನು ಕೇಳಿದ ಹಾಗೇ ಒಪ್ಪಿಸುವುದರಲ್ಲಿ ಗಿಣಿಯನ್ನು ಮೀರಿಸುವವರಿರಲಿಲ್ಲ. ಅವಳಿಗೆ ಆ ಹೆಸರು ಬಂದದ್ದೇ ಅದರಿಂದ. ಈಗೀಗ ಮೊಬೈಲ್ ರಿವ್ಯೂ ಮಾಡುವವರ ವಿಡಿಯೋ ನೋಡಿ ನೋಡಿ ಅವರ ಮಾತೆಲ್ಲ ಬಾಯಿಪಾಠ ಆಗಿಹೋಗಿತ್ತು. ಪೆನ್ಸಿಲ್ ಬಾಕ್ಸು, ನೀರಿನ ಬಾಟಲಿ, ತಮ್ಮನ ಶೂ, ಯಾವುದನ್ನೂ ಅವಳು ಬಿಟ್ಟಿರಲಿಲ್ಲ. ತಮ್ಮನ ಶೂಗೆ ಸೊನ್ನೆ ಸ್ಟಾರ್ ಸಿಕ್ಕಿತ್ತು, ವಾಸನೆಯ ಕಾರಣದಿಂದ.

ಆದರೆ ಇವತ್ತು ಕೈಯಲ್ಲಿದ್ದದ್ದು ನಿಜವಾದ ಹೊಸ ಮೊಬೈಲು. ಸೋಮವಾರ ಅಮ್ಮ ತಂದದ್ದು. ಕಪ್ಪು ಬಣ್ಣ, ದಪ್ಪ ಮೈ. ಮೇಲೊಂದು ಕೆಳಗೊಂದು ಅಗಲವಾದ ಸ್ಪೀಕರ್. ಪಕ್ಕದಲ್ಲಿ ಹಾಡಿಗೆಂದೇ ಮೂರು ಉಬ್ಬಿದ ಬಟನ್. ಡಬ್ಬಿಯ ಮೇಲೆ ‘ಮ್ಯೂಸಿಕ್ ಫೋನ್’ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು.

“ಈಗ ಒತ್ತಿದೆ ಅಕ್ಕಾ, ಶುರು ಮಾಡು.”

ಗಿಣಿ ಶುರು ಮಾಡಿದಳು. ಒಮ್ಮೆ ಶುರು ಮಾಡಿದರೆ ನಿಲ್ಲಿಸುವುದು ಯಾರ ಕೈಲಿದೆ?

“ನೋಡಿ ಫ್ರೆಂಡ್ಸ್, ಫಸ್ಟ್ ಲುಕ್ಕಲ್ಲೇ ಗೊತ್ತಾಗುತ್ತೆ, ಇದು ಫೋನಲ್ಲ, ಇಟ್ಟಿಗೆ! ಮನೆ ಕಟ್ಟೋರಿಗೆ ಉಪಯೋಗ ಆಗಬಹುದು. ಕ್ಯಾಮರಾ ನೋಡೋಣ... ಅಯ್ಯಯ್ಯೋ! ನಮ್ ಕ್ಯಾಮರಾಮನ್ ಮುಖ ಎಲ್ಲಿ, ಬಕೆಟ್ ಎಲ್ಲಿ, ಒಂದೂ ಗೊತ್ತಾಗ್ತಿಲ್ಲ. ಗೇಮ್ ಹಾಕಿದ್ರೆ ಕಾರು ರಸ್ತೆ ಮಧ್ಯ ನಿದ್ದೆ ಹೊಡೀತಿದೆ. ನನ್ನ ಕಡೆಯಿಂದ ಇದಕ್ಕೆ ಒಂದೂವರೆ ಸ್ಟಾರ್. ಅದೂ ಪಾಪ ಅಂತ! ತಗೊಂಡವರಿಗೆ ಯಾರೋ ಸರಿಯಾಗಿ ಟೋಪಿ ಹಾಕಿದಾರೆ ಫ್ರೆಂಡ್ಸ್!”

ಕೊನೆಯ ಮಾತಿಗೆ ತಮ್ಮ ಎಷ್ಟು ನಕ್ಕನೆಂದರೆ ಬಕೆಟ್ ಮೇಲಿಂದ ಬಿದ್ದೇಬಿಟ್ಟ. ಅದೂ ವಿಡಿಯೋದಲ್ಲಿ ಬಂತು. ಗಿಣಿ ತಡಮಾಡದೆ ಅದನ್ನು ಮನೆಯವರ ಗ್ರೂಪಿಗೆ ಕಳಿಸಿಬಿಟ್ಟಳು.

ಗ್ರೂಪಿನಲ್ಲಿ ನಗುವಿನ ಮುಖಗಳು ಸಾಲುಗಟ್ಟಿದವು. “ಇವಳ ಬಾಯಿಗೆ ಬೀಗ ಹಾಕೋರು ಯಾರು!” ಎಂದು ಚಿಕ್ಕಮ್ಮ ಬರೆದಳು. “ಅಕ್ಕಾ, ಫೋನ್ ತಗೊಳ್ಳೋ ಮೊದಲು ನನ್ನನ್ನ ಒಂದು ಮಾತು ಕೇಳಬಾರದಿತ್ತಾ?” ಎಂದು ಸೋದರಮಾವ ಬರೆದ.

ಸಂಜೆ ಅಡುಗೆಮನೆಯಲ್ಲಿ ನಿಂತುಕೊಂಡೇ ಅಮ್ಮ ಆ ವಿಡಿಯೋ ನೋಡಿದಳು. ತಮ್ಮ ಬೀಳುವಾಗ ನಕ್ಕಳು ಕೂಡ.

“ಎಷ್ಟು ಚೆನ್ನಾಗಿ ಮಾತಾಡ್ತೀಯೇ! ಒಂದು ಸಲಾನೂ ತಡವರಿಸಲಿಲ್ಲ,” ಎಂದಳು. ಆಮೇಲೆ ತನ್ನ ಹೊಸ ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. “ನಿಜವಾಗ್ಲೂ ಅಷ್ಟು ಕೆಟ್ಟದಾಗಿದೆಯಾ ಇದು?”

“ಹೂಂ ಅಮ್ಮ. ನಮ್ಮ ಕ್ಲಾಸಲ್ಲಿ ತೋರಿಸಿದ್ರೆ ಎಲ್ಲ ನಗ್ತಾರೆ.”

“ಇರಬಹುದು. ನಂಗೇನು ಗೊತ್ತಾಗುತ್ತೆ ಇದೆಲ್ಲ,” ಎಂದು ಅಮ್ಮ ಒಲೆಯ ಕಡೆ ತಿರುಗಿದಳು.

ಮಾರನೆಯ ದಿನ ಬೆಳಿಗ್ಗೆ ಫೋನು ಮತ್ತೆ ಡಬ್ಬಿಯೊಳಗೆ ಹೋಗಿ ಕೂತಿತ್ತು. ಅದರ ಮೇಲಿದ್ದ ತೆಳು ಪ್ಲಾಸ್ಟಿಕ್ ಹಾಳೆಯನ್ನು ಕೂಡ ಅಮ್ಮ ಎಲ್ಲಿಂದಲೋ ಹುಡುಕಿ ಮತ್ತೆ ಅಂಟಿಸಿದ್ದಳು.

“ಶನಿವಾರ ನಿಂಗೆ ಅರ್ಧ ದಿನ ಅಲ್ವಾ? ಸ್ಕೂಲಿಂದ ಸೀದಾ ಲಾಂಡ್ರಿಗೆ ಬಂದ್ಬಿಡು. ನನ್ನ ಕೆಲಸ ಮುಗಿದ ಮೇಲೆ ಅಂಗಡಿಗೆ ಹೋಗೋಣ. ಒಂದು ವಾರದ ಒಳಗೆ ಆದ್ರೆ ಬದಲಾಯಿಸಿ ಕೊಡ್ತಾರಂತೆ. ಒಳ್ಳೆ ಕ್ಯಾಮರಾ ಇರೋದು ನೀನೇ ನೋಡಿ ಆರಿಸು.”

ಗಿಣಿಗೆ ಖುಷಿಯಾಯಿತು. ಸುಳ್ಳು ಹೇಳಬಾರದು, ಕುಣಿದಾಡುವಷ್ಟು ಖುಷಿಯಾಯಿತು. ಅಪ್ಪ ಮಲಗಿದ್ದರಿಂದ ತುದಿಗಾಲಲ್ಲಿ ಕುಣಿದಳು.

ಅಮ್ಮ ಕೆಲಸ ಮಾಡುತ್ತಿದ್ದದ್ದು ಒಂದು ದೊಡ್ಡ ಆಸ್ಪತ್ರೆಯ ಲಾಂಡ್ರಿಯಲ್ಲಿ. ಶನಿವಾರ ಮಧ್ಯಾಹ್ನ ಗಿಣಿ ಬಾಗಿಲು ತಳ್ಳಿದ ಕೂಡಲೇ ಬಿಸಿಗಾಳಿ ಮುಖಕ್ಕೆ ಬಡಿಯಿತು. ಒಂದು ಗೋಡೆಯ ಉದ್ದಕ್ಕೂ ಬೀರುವಿನಷ್ಟೆತ್ತರದ ವಾಷಿಂಗ್ ಮಷಿನ್‌ಗಳು ಗಡಗಡ ತಿರುಗುತ್ತಿದ್ದವು. ಇನ್ನೊಂದು ಗೋಡೆಗೆ ಬಟ್ಟೆ ಒಣಗಿಸುವ ಮಷಿನ್‌ಗಳು. ನಡುವೆ ಟ್ರಾಲಿಗಳಲ್ಲಿ ಬಿಳಿ ಬೆಡ್‌ಶೀಟುಗಳ ರಾಶಿ.

ಅಮ್ಮ ಒಬ್ಬ ವಯಸ್ಸಾದ ಹೆಂಗಸಿನ ಜೊತೆ ಬೆಡ್‌ಶೀಟು ಮಡಿಸುತ್ತಿದ್ದಳು. ಎಲ್ಲರೂ ಅವರನ್ನು ದೊಡ್ಡಮ್ಮ ಎಂದೇ ಕರೆಯುತ್ತಿದ್ದರು. ಒಬ್ಬೊಬ್ಬರು ಎರಡೆರಡು ಮೂಲೆ ಹಿಡಿದು ಜಗ್ಗಬೇಕು, ಒದರಬೇಕು, ನಡೆದುಬಂದು ಮೂಲೆಗೆ ಮೂಲೆ ಸೇರಿಸಬೇಕು, ಮತ್ತೆ ಹಿಂದೆ ಹೋಗಬೇಕು. ಇಬ್ಬರೂ ಒಟ್ಟಿಗೇ ಮಾಡಬೇಕು. ಒಬ್ಬರು ಒಂಚೂರು ಮುಂದಾದರೂ ಕೆಲಸ ಕೆಡುತ್ತದೆ.

ಗಿಣಿ ನೋಡುತ್ತಿದ್ದಂತೆಯೇ ಕೆಟ್ಟಿತು. ದೊಡ್ಡಮ್ಮ ಜಗ್ಗುವುದಕ್ಕೂ ಅಮ್ಮ ಮುಂದೆ ಬರುವುದಕ್ಕೂ ಸರಿಹೋಗಿ, ಮೂಲೆ ಅಮ್ಮನ ಕೈಯಿಂದ ಜಾರಿ ನೆಲಕ್ಕೆ ಬಿತ್ತು.

“ಹೋಯ್ತು! ಬೆಳಿಗ್ಗೆಯಿಂದ ಇದೆಷ್ಟನೇದು?” ಎಂದರು ದೊಡ್ಡಮ್ಮ. ನೆಲ ಮುಟ್ಟಿದ ಬೆಡ್‌ಶೀಟು ರೋಗಿಯ ಮಂಚಕ್ಕೆ ಹೋಗುವ ಹಾಗಿರಲಿಲ್ಲ. ಮತ್ತೆ ಮಷಿನ್‌ಗೇ ಹೋಗಬೇಕು. “ಹಾಡಿಲ್ಲದೆ ನನ್ನ ಕೈ ಓಡಲ್ಲಮ್ಮ. ಇವತ್ತೂ ನಿನ್ನ ಫೋನಿಗೆ ಚಾರ್ಜ್ ಇಲ್ವಾ?”

“ಇಲ್ಲ ದೊಡ್ಡಮ್ಮ. ಚಾರ್ಜರ್ ಸರಿಯಿಲ್ಲ,” ಎಂದಳು ಅಮ್ಮ.

ಗಿಣಿ ತಟ್ಟನೆ ತಲೆಯೆತ್ತಿದಳು. ಚಾರ್ಜರ್ ಚೆನ್ನಾಗಿಯೇ ಇತ್ತು. ಫೋನು ಡಬ್ಬಿಯೊಳಗೆ, ಡಬ್ಬಿ ಅಮ್ಮನ ಚೀಲದೊಳಗೆ, ಚೀಲ ಇಲ್ಲೇ ಬೆಂಚಿನ ಮೇಲೆ ಇತ್ತು. ಸುಳ್ಳು ಹೇಳಿದರೆ ಕಿವಿ ಹಿಂಡುವ ಅಮ್ಮ ಇಷ್ಟು ಸಲೀಸಾಗಿ ಸುಳ್ಳು ಹೇಳುತ್ತಾಳಾ?

ಬಿದ್ದ ಬೆಡ್‌ಶೀಟು ಎತ್ತಿಕೊಂಡು ಅಮ್ಮ ಮಷಿನ್ ಕಡೆ ಹೋದಳು. ದೊಡ್ಡಮ್ಮ ಉಸ್ಸಪ್ಪಾ ಎಂದು ಗಿಣಿಯ ಪಕ್ಕ ಬಂದು ಕೂತರು.

“ಇಲ್ಲೊಂದು ರೇಡಿಯೋ ಇತ್ತು ಕಣಮ್ಮ. ಆವಿ ಕುಡಿದೂ ಕುಡಿದೂ ಸತ್ತೋಯ್ತು ಅದು. ಆಮೇಲೆ ಈ ಗಡಗಡ ಒಂದೇ. ತಲೆ ಚಿಟ್ಟು ಹಿಡಿದುಹೋಗಿತ್ತು. ನಿಮ್ಮಮ್ಮ ಈ ಹಾಡಿನ ಫೋನನ್ನ ಯಾವಾಗಿಂದ ನೋಡಿಟ್ಟಿದ್ಲು ಗೊತ್ತಾ? ‘ಮಷಿನ್ ಸದ್ದಿನ ಮೇಲೂ ಕೇಳುತ್ತಾ, ಒದ್ದೆ ಕೈಯಲ್ಲಿ ಒತ್ತಿದ್ರೂ ಹಾಡು ಬದಲಾಗುತ್ತಾ’ ಅಂತ ಆ ಅಂಗಡಿಯವನ ಪ್ರಾಣ ತಿಂದಿದಾಳೆ. ತಂದ ದಿನ ಏನು ಕುಣಿತ ಅವಳದು!”

“ಅಮ್ಮನಾ? ಕುಣಿದ್ಲಾ?”

“ಹೂಂ ಮತ್ತೆ. ಹಾಡಿಗಿಂತ ಜೋರಾಗಿ ಹಾಡೋದೂ ಅವಳೇ.”

“ನಮ್ಮಮ್ಮ ಹಾಡಲ್ಲ,” ಎಂದಳು ಗಿಣಿ ಖಚಿತವಾಗಿ.

ದೊಡ್ಡಮ್ಮನಿಗೆ ನಗು ತಡೆಯಲಾಗಲಿಲ್ಲ. “ಸರಿಹೋಯ್ತು! ನಿಮ್ಮಮ್ಮನ ಸುದ್ದಿ ನನಗೇ ಹೇಳ್ತೀಯಾ?”

 

ಒದ್ದೆ ಕೈಯಲ್ಲಿ ಒತ್ತಿದರೂ. ಮಷಿನ್ ಸದ್ದಿನ ಮೇಲೂ. ಈ ಎರಡು ಮಾತು ಅವಳ ತಲೆಯಲ್ಲಿ ಸುತ್ತತೊಡಗಿದವು. ಅವಳು ಕ್ಯಾಮರಾ ನೋಡಿದ್ದಳು, ಗೇಮ್ ನೋಡಿದ್ದಳು, ದಪ್ಪ ಎಷ್ಟು ಎಂದು ನೋಡಿದ್ದಳು. ಪಕ್ಕದಲ್ಲಿದ್ದ ಆ ಮೂರು ಬಟನ್‌ಗಳನ್ನು ಒಂದು ಸಲವೂ ಒತ್ತಿರಲಿಲ್ಲ. ಇಡೀ ರಿವ್ಯೂದಲ್ಲಿ ಅವಳು ಒಂದೇ ಒಂದು ಹಾಡು ಕೇಳಿರಲಿಲ್ಲ.

ಅಮ್ಮ ಯಾಕೆ ಚಾರ್ಜರ್ ಮೇಲೆ ತಪ್ಪು ಹಾಕಿದಳು ಎಂಬುದೂ ಆಗ ಗೊತ್ತಾಯಿತು. ನಿಜ ಹೇಳಲು ಹೋದರೆ ‘ನನ್ನ ಮಗಳು ನೋಡಿ ನಕ್ಕಳು, ಅದಕ್ಕೇ ವಾಪಸ್ ಕೊಡ್ತಿದೀನಿ’ ಎಂದು ಹೇಳಬೇಕಾಗಿತ್ತಲ್ಲ!  

ಅವಳು ಚೀಲದಿಂದ ಡಬ್ಬಿ ತೆಗೆದಳು. ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆ ಕಿತ್ತಳು. ಫೋನನ್ನು ಆನ್ ಮಾಡಿ ಸ್ಕ್ರೀನ್ ಮೇಲೆ ಬೆರಳಾಡಿಸಿದಳು. ಸೆಕೆಗೆ ಬೆವೆತ ಬೆರಳು, ಸ್ಕ್ರೀನ್ ಜಪ್ಪಯ್ಯ ಅನ್ನಲಿಲ್ಲ. ಆಗ ಪಕ್ಕದ ನಡುವಿನ ಬಟನ್ ಒತ್ತಿದಳು.

ಹಾಡು ಒಮ್ಮೆಲೇ ಹೊರಗೆ ಬಂತು.

ಅಬ್ಬಾ, ಏನು ಸದ್ದು! ಯಾವುದೋ ಹಳೇ ಸಿನಿಮಾದ ಹಾಡು. ಗಡಗಡ ಎನ್ನುವ ಮಷಿನ್‌ಗಳ ಮೇಲೆ ಹತ್ತಿ ಕೂತು ಹಾಡುವ ಹಾಗೆ ಕೇಳುತ್ತಿತ್ತು. ಇಸ್ತ್ರಿಯ ಹತ್ತಿರ ಇದ್ದವರು, ಟ್ರಾಲಿ ತಳ್ಳುತ್ತಿದ್ದವರು ಎಲ್ಲರೂ ತಿರುಗಿ ನೋಡಿದರು. ಯಾರೋ ಒಬ್ಬರು ಸಿಳ್ಳೆ ಹೊಡೆದರು.

“ಬಂತಪ್ಪ ಚಾರ್ಜು!” ಎಂದು ದೊಡ್ಡಮ್ಮ ಎದ್ದು ನಿಂತರು.

ಅಮ್ಮ ಮಷಿನ್ ಬಾಗಿಲ ಹತ್ತಿರ ಗಾಬರಿಯಿಂದ ನಿಂತಿದ್ದಳು. ಗಿಣಿಯನ್ನು ನೋಡಿದಳು, ಫೋನನ್ನು ನೋಡಿದಳು. ಗಿಣಿ ಓಡಿಹೋಗಿ ಅಮ್ಮನ ಕೈ ಹಿಡಿದುಕೊಂಡಳು.

“ಅಮ್ಮಾ, ನಾನು ಹಾಡು ಹಾಕಿ ನೋಡೇ ಇರಲಿಲ್ಲ. ಹಾಗೇ ಸ್ಟಾರ್ ಕೊಟ್ಬಿಟ್ಟೆ.”

“ಹಾಡಿನ ಫೋನಲ್ಲಿ ಹಾಡು ಕೇಳಲಿಲ್ವಾ?” ದೊಡ್ಡಮ್ಮ ಕಣ್ಣರಳಿಸಿದರು. “ತುತ್ತು ಬಾಯಿಗಿಡದೆ ಉಪ್ಪು ಕಮ್ಮಿ ಅಂದ್ಯಲ್ಲೇ ಹುಡುಗಿ!”

ಸುತ್ತ ಇದ್ದವರೆಲ್ಲ ನಕ್ಕರು. ಗಿಣಿಗೆ ನಾಚಿಕೆಯಾಯಿತು, ಆದರೆ ಅಮ್ಮನ ಕೈ ಬಿಡಲಿಲ್ಲ.

“ಕ್ಯಾಮರಾ ಮಾತ್ರ ನಿಜವಾಗ್ಲೂ ಚೆನ್ನಾಗಿಲ್ಲ ಅಲ್ವಾ?” ಎಂದು ಅಮ್ಮ ಮೆಲ್ಲಗೆ ಕೇಳಿದಳು.

“ಇಲ್ಲಮ್ಮ. ಅದು ಮಾತ್ರ ಚೂರೂ ಚೆನ್ನಾಗಿಲ್ಲ.”

ಈ ಸಲ ಅಮ್ಮ ನಿಜವಾಗಿ ನಕ್ಕಳು. “ಮತ್ತೆ? ಅಂಗಡಿಗೆ ಹೋಗೋದಾ, ಬೇಡ್ವಾ?”

ಒಳ್ಳೆಯ ಕ್ಯಾಮರಾ ಇರುವ ಫೋನು ಗಿಣಿಯ ಕಣ್ಣ ಮುಂದೆ ಒಮ್ಮೆ ಬಂದು ಹೋಯಿತು. “ಬೇಡ,” ಎಂದಳು. ಮತ್ತೆ ಕೇಳಿಬಿಟ್ಟರೆ ಕಷ್ಟ ಎಂದು ಇನ್ನೊಮ್ಮೆ ಹೇಳಿದಳು, “ಬೇಡಮ್ಮ. ಇದು ನಿಂದು.”

ಕೆಲಸ ಮತ್ತೆ ಶುರುವಾಯಿತು. ಹಾಡಿನ ತಾಳದ ಒಂದು ಏಟಿಗೆ ಜಗ್ಗು, ಇನ್ನೊಂದಕ್ಕೆ ಒದರು. ನಾಲ್ಕು ಹೆಜ್ಜೆ ಮುಂದೆ, ನಾಲ್ಕು ಹೆಜ್ಜೆ ಹಿಂದೆ. ಬೆಡ್‌ಶೀಟುಗಳು ಸರಸರ ಮಡಿಕೆಯಾಗಿ ಟ್ರಾಲಿ ತುಂಬಿದವು. ಅಷ್ಟೇ ಅಲ್ಲ, ಅಮ್ಮ ಹಾಡಿದಳು! ಮನೆಯಲ್ಲಿ ಪಾತ್ರೆ ಇಡುವಾಗಲೂ ಸದ್ದಾಗದ ಹಾಗೆ ಇಡುವ ಅಮ್ಮ, ಕತ್ತು ಹಿಂದಕ್ಕೆ ಚೆಲ್ಲಿ, ಬಾಯ್ತುಂಬ ಹಾಡಿದಳು. ಸ್ವಲ್ಪ ಶ್ರುತಿ ತಪ್ಪುತ್ತಿತ್ತು. ಅವಳಿಗೆ ಅದರ ಪರಿವೆಯೇ ಇರಲಿಲ್ಲ.

ಗಿಣಿ ನೋಡುತ್ತಲೇ ನಿಂತಳು. ಇಷ್ಟು ದಿನ ತನ್ನ ಜೊತೆಗೇ ಇದ್ದ ಅಮ್ಮ ಇವಳೇನಾ ಎನಿಸಿತು.

ದೊಡ್ಡಮ್ಮ ಸೊಂಟ ಹಿಡಿದುಕೊಂಡರು. “ನನ್ನ ಕೈಲಾಗಲ್ಲ. ಬಾರಮ್ಮ ನೀನು, ಸೋಪು ಹಾಕಿ ಕೈ ತೊಳ್ಕೊಂಡು ಬಂದು ಈ ಕಡೆ ಹಿಡ್ಕೋ.”

ಕೈ ತೊಳೆದು ಬಂದ ಗಿಣಿ ಎರಡು ಮೂಲೆ ಹಿಡಿದಳು. ಮೊದಲನೆಯದು ಸೊಟ್ಟಗಾಯಿತು. ಎರಡನೆಯದಕ್ಕೆ ಹಾಡು ಕೈಗೆ ಹತ್ತಿತು. ಬಿಳಿ ಬಟ್ಟೆಯ ಆಚೆ ತುದಿಯಿಂದ ಅಮ್ಮ ಹಾಡುತ್ತಾ ನಡೆದು ಬಂದಳು. ಇಬ್ಬರ ಕೈಗಳೂ ಮೂಲೆಯಲ್ಲಿ ಸೇರಿದವು.

“ಅಮ್ಮಾ, ಈ ಹಾಡು ನಿಂಗೆ ಯಾವಾಗಿಂದ ಇಷ್ಟ?”

ಅಮ್ಮ ಹಾಡುವುದನ್ನು ನಿಲ್ಲಿಸಿದಳು. ಅವಳನ್ನು ಯಾರೂ ಇಂಥದ್ದು ಕೇಳಿರಲಿಲ್ಲವೋ ಏನೋ.

“ಅಯ್ಯೋ, ಅದು ದೊಡ್ಡ ಕತೆ ಕಣೇ. ನಾನಾಗ ನಿನ್ನಷ್ಟೇ ಇದ್ದೆ.”

“ಹೇಳು,” ಎಂದಳು ಗಿಣಿ.

ಇಬ್ಬರೂ ಇನ್ನೊಂದು ಬೆಡ್‌ಶೀಟು ಎತ್ತಿಕೊಂಡರು. ಅಮ್ಮ ಹೇಳತೊಡಗಿದಳು. ಮುಗಿಯುವವರೆಗೂ ಗಿಣಿ ನಡುವೆ ಒಂದು ಮಾತೂ ಆಡಲಿಲ್ಲ.