ಏಳನೇ ಕ್ಯಾಸೆಟ್ಟಿನ ನಗು

ಏಳನೇ ಕ್ಯಾಸೆಟ್ಟಿನಲ್ಲಿ ಕ್ಲಾರಿನೆಟ್ ಇರಲಿಲ್ಲ. ಡೋಲು ಇರಲಿಲ್ಲ. ಬರೀ ಮಗ್ಗದ ಸದ್ದು. ಟಕ್, ಟಕ್, ಟಕ್. ಮೊದಲಿಂದ ಕೊನೆಯವರೆಗೂ ಅಷ್ಟೇ.

"ಅಳಿಸವ್ರೆ!" ಚಿನ್ನಯ್ಯಣ್ಣ ಎದೆ ಹಿಡಿದುಕೊಂಡು ಮಗ್ಗದ ಗುಂಡಿಯ ಅಂಚಿನಲ್ಲಿ ಕುಸಿದ. "ಪುಷ್ಪಾ, ನನ್ನ ಪ್ರಾಣಾನೇ ಅಳಿಸವ್ರೆ."

ನಾನು ಪೊಲೀಸಿನವಳಲ್ಲ. ಚಳ್ಳಕೆರೆ ಬಸ್ ಸ್ಟ್ಯಾಂಡಿನ ಹತ್ತಿರ ಟೇಪು, ರೇಡಿಯೊ, ಮೊಬೈಲು ರಿಪೇರಿ ಮಾಡುವ ಪುಷ್ಪಲತಾ. ನೇಕಾರ ಚಿನ್ನಯ್ಯಣ್ಣನ ಹನ್ನೆರಡು ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಹಾಕಿಕೊಡಲು ಮೊಳಕಾಲ್ಮೂರಿಗೆ ಬಂದಿದ್ದೆ. ಅಂಥಿಂಥ ಕ್ಯಾಸೆಟ್ಟಲ್ಲ. ಎಂಬತ್ತೇಳನೇ ಇಸವಿಯಲ್ಲಿ ಪಾಲಣ್ಣನ ಬ್ಯಾಂಡ್ ಸೆಟ್ಟು ಚಳ್ಳಕೆರೆಯ ಎಣ್ಣೆ ಮಿಲ್ಲಿನ ಶೆಡ್ಡಿನಲ್ಲಿ ಪ್ರತಿ ಶನಿವಾರ ಸಂಜೆ ಬಾರಿಸುತ್ತಿತ್ತು. ಕೂಲಿಯವರು ಕಾಲು ಸೋಲುವಷ್ಟು ಕುಣಿಯುತ್ತಿದ್ದರು. ಯಾವ ಕಂಪನಿಯೂ ಅವರ ವಾದ್ಯದ ಕ್ಯಾಸೆಟ್ ಹೊರತರಲಿಲ್ಲ. ಆಗ ಅದೇ ಮಿಲ್ಲಿನಲ್ಲಿ ಮೂಟೆ ಹೊರುತ್ತಿದ್ದ ಚಿನ್ನಯ್ಯಣ್ಣ ಸ್ವಂತ ಟೇಪಿನಲ್ಲಿ ಹಿಡಿದದ್ದೇ ಉಳಿದಿರುವುದು. ಪಾಲಣ್ಣನೂ ಈಗಿಲ್ಲ.

ಬೆಳಿಗ್ಗೆ ಮನೆ ನಗುನಗುತ್ತಲೇ ಇತ್ತು. "ಬಸ್ಸಿನಾಗೆ ಶೇಂಗಾ ಮೂಟೆಗೆ ಸೀಟ್ ಸಿಕ್ತಕ್ಕಾ, ನನಗೆ ಸಿಗ್ಲಿಲ್ಲ," ಅಂದಿದ್ದೆ. ಚಿನ್ನಯ್ಯಣ್ಣನ ಹೆಂಡತಿ ಗೀತಮ್ಮ ಬಿದ್ದು ಬಿದ್ದು ನಕ್ಕಳು. ಕೊನೆಗೊಂದು ಬಿಕ್ಕಳಿಕೆ ಬಂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಚಿನ್ನಯ್ಯಣ್ಣ ಮಗ್ಗ ನಿಲ್ಲಿಸಿ ಅವಳನ್ನೇ ನೋಡಿದ. ಈಗ ಅದೇ ಗೀತಮ್ಮ ಮಜ್ಜಿಗೆ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಓಬಳೇಶನದೇ ಕೆಲಸ," ಅಂದ ಚಿನ್ನಯ್ಯಣ್ಣ. "ಹೋದ ಮಂಗಳವಾರ ಬಂದಿದ್ದ. ಕ್ಯಾಸೆಟ್ಟೆಲ್ಲಾ ಕೇಳ್ದ, ಕೊಡಲ್ಲ ಅಂದೆ. ಉರ್ಕೊಂಡು ಹೋದ."

ಉಳಿದ ಹನ್ನೊಂದೂ ಸರಿಯಾಗಿದ್ದವು. ನಾನು ಏಳನೆಯದನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ.

* * *

ಓಬಳೇಶ ಪಾಲಣ್ಣನ ಸೆಟ್ಟಿನ ಕ್ಲಾರಿನೆಟ್ ವಾದಕ. ಚಳ್ಳಕೆರೆಯಲ್ಲಿ ಮಗಳ ಮನೆಯಲ್ಲಿದ್ದ. ವಿಷಯ ಹೇಳಿದ್ದೇ ತಡ, ಮುಖ ಕೆಂಪಾಯಿತು.

"ಊದಿದೋನು ನಾನು, ಉಸಿರು ನಂದು. ಹೆಸರು ಮಾತ್ರ ಅವನ ಟೇಪ್ ಪೆಟ್ಟಿಗೇದು! ಹೊಟ್ಟೆ ಉರಿಯಲ್ವೇನವ್ವಾ?"

"ಅದಕ್ಕೆ ಅಳಿಸಿದ್ರಾ?"

"ಲೇ ಹುಡುಗಿ! ನನ್ನ ಕ್ಲಾರಿನೆಟ್ಟನ್ನ ನಾನೇ ಅಳಿಸ್ತೀನಾ? ತಲೆ ಐತಾ ನಿನಗೆ?"

ಮಾತು ಸರಿಯಾಗಿತ್ತು. ಆದರೆ ಮುದುಕನ ಕಣ್ಣು ಮಾತ್ರ ಪದೇ ಪದೇ ಅಟ್ಟದ ಕಡೆ ಹೋಗುತ್ತಿತ್ತು.

"ಮೇಲೇನೈತೆ?"

ಬಹಳ ಹೊತ್ತು ಗೊಣಗಿದ. ಆಮೇಲೆ ಒಂದು ಕ್ಯಾಸೆಟ್ ಇಳಿಸಿದ. ಇಪ್ಪತ್ತು ವರ್ಷದ ಹಿಂದೆ ಏಳನೆಯದನ್ನು ಎರಡು ದಿನಕ್ಕೆಂದು ಒಯ್ದು, ಹೇಳದೆ ಕೇಳದೆ ನಕಲು ಮಾಡಿಕೊಂಡಿದ್ದ.

"ಅವನಿಗೆ ಹೇಳಬ್ಯಾಡ. ಮಾನ ಹೋಗ್ತದೆ."

ಹಾಕಿದೆ. ಅಬ್ಬಾ, ಏನು ವಾದ್ಯ! ನನಗೇ ಕಾಲು ನಿಲ್ಲಲಿಲ್ಲ. ನಡುವೆ ಕ್ಲಾರಿನೆಟ್ ಒಂದು ಗಳಿಗೆ ನಿಂತಿತು. ಟೇಪಿನ ಹತ್ತಿರದಲ್ಲೇ ಒಬ್ಬ ಹುಡುಗಿ ಗಲಗಲ ನಕ್ಕಳು. ಕೊನೆಗೊಂದು ಬಿಕ್ಕಳಿಕೆ.

ನಾನು ಚೀಲದಿಂದ ಏಳನೆಯದನ್ನು ಮತ್ತೆ ತೆಗೆದೆ. ಅಯ್ಯೋ ನನ್ನ ಬುದ್ಧಿಗೆ! ಬೆಳಿಗ್ಗೆಯೇ ನೋಡಬೇಕಾಗಿದ್ದದ್ದು ಕ್ಯಾಸೆಟ್ಟಿನ ಬೆನ್ನಿನ ಮೇಲೇ ಇತ್ತು.

* * *

ಮಧ್ಯಾಹ್ನದ ಬಸ್ಸಿಗೆ ಮೊಳಕಾಲ್ಮೂರಿಗೆ ವಾಪಸ್ ಬಂದೆ. ಗಂಡ ಹೆಂಡತಿ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡೆ.

"ಓಬಳೇಶಣ್ಣ ಅಲ್ಲ," ಅಂದೆ. "ಅಳಿಸಕ್ಕೆ ರೆಕಾರ್ಡ್ ಬಟನ್ ಒತ್ತಿದಾಗ ನಿಮ್ಮ ಮಗ್ಗ ನಡೀತಿತ್ತು ಚಿನ್ನಯ್ಯಣ್ಣಾ, ಅದರ ಸದ್ದೇ ಟೇಪಿಗೆ ಹತ್ತೈತೆ. ಅರ್ಧ ಗಂಟೆ, ಒಂದು ಸಲಾನೂ ನಿಂತಿಲ್ಲ. ಟೇಪ್ ಇರೋದು ಒಳಗಿನ ಕೋಣೆ ಗೂಡಿನಾಗೆ. ಹೊರಗಿನೋರು ಬರಬೇಕಂದ್ರೆ ನಿಮ್ಮ ಮುಂದೇನೇ ಹಾದು ಹೋಗಬೇಕು. ಯಾರನ್ನಾದ್ರೂ ನೋಡಿದ್ರಾ?"

"ಇಲ್ಲ."

"ಅಂದ್ರೆ ಒಳಗಿದ್ದೋರೇ ಬಟನ್ ಒತ್ತವ್ರೆ. ಇನ್ನೊಂದು. ಇದರ ಮೇಲೆ ಯಾರೂ ರೆಕಾರ್ಡ್ ಮಾಡಬಾರದು ಅಂತ ಕ್ಯಾಸೆಟ್ ಬೆನ್ನಿನ ಪ್ಲಾಸ್ಟಿಕ್ ಹಲ್ಲು ಮುರಿದು ತೂತು ಬಿಟ್ಟಿದ್ರಿ. ಆ ತೂತು ಮುಚ್ಚದೆ ಅಳಿಸಕ್ಕಾಗಲ್ಲ. ಮುಚ್ಚಿರೋದು ಯಾತರಿಂದ ನೋಡಿ."

ಒಂದರ ಮೇಲೊಂದು ಅಂಟಿಸಿದ ಎರಡು ಸ್ಟಿಕ್ಕರ್ ಬೊಟ್ಟು. ದೊಡ್ಡವು, ಕುಂಕುಮ ಬಣ್ಣದವು. ಗೀತಮ್ಮನ ಹಣೆಯಲ್ಲಿ ಅಂಥದ್ದೇ ಮೂರನೆಯದಿತ್ತು. ಅವಳ ಕೈ ತಾನಾಗಿಯೇ ಹಣೆಗೆ ಹೋಯಿತು.

"ಹೌದು, ನಾನೇ!" ಅವಳು ಸಿಡಿದಳು. "ಮೂವತ್ತೈದು ವರ್ಷ! ಸಂಜೆ ಆದ್ರೆ ಸಾಕು, ಅದೇ ಕ್ಯಾಸೆಟ್ಟು. ಅವಳು ನಗೋ ಜಾಗ ಬಂದ್ರೆ ತಿರುಗಿಸಿ ತಿರುಗಿಸಿ ಕೇಳ್ತಾರೆ. ನಾನು ರೊಟ್ಟಿ ಬಡೀತಾ ಕೂತಿರ್ತೀನಿ, ಇವ್ರು ಆ ಗಂಗಲಕ್ಷ್ಮಿ ನಗು ಕೇಳಿ ಮುಗುಳ್ನಗ್ತಾರೆ! ಈಗ ಕಂಪ್ಯೂಟರಿಗೆ ಹಾಕಿ ಊರಿಗೆಲ್ಲ ಕೇಳಿಸ್ತಾರಂತೆ. ನನಗೆ ಮಾನ ಇಲ್ವಾ?"

"ಯಾವ ಗಂಗಲಕ್ಷ್ಮಿ?" ಚಿನ್ನಯ್ಯಣ್ಣ ಕಣ್ಣು ಬಿಟ್ಟ.

"ಮಿಲ್ಲಿನಾಗೆ ನನ್ನ ಪಕ್ಕ ಕೂತು ಶೇಂಗಾ ಆರಿಸ್ತಿದ್ಲಲ್ಲ, ಬೆಳ್ಳಗಿನೋಳು. ಅವಳಲ್ದೆ ಇನ್ಯಾರು?"

"ಅದು ನೀನಲ್ವೇನೇ!"

ಯಾರದೆಂದು ಹೇಳದೆ, ಓಬಳೇಶನಿಂದ ತಂದಿದ್ದ ನಕಲನ್ನು ಹಾಕಿದೆ. ಕ್ಲಾರಿನೆಟ್ ನಿಂತಿತು. ಹುಡುಗಿ ನಕ್ಕಳು. ಬಿಕ್ಕಳಿಸಿದಳು.

"ನಾನು ಹಿಂಗ್ ನಗ್ತೀನಾ?" ಅಂದಳು ಗೀತಮ್ಮ.

"ಬೆಳಿಗ್ಗೇನೂ ಹಿಂಗೇ ನಕ್ಕೆಯಕ್ಕಾ," ಅಂದೆ. "ನನ್ನ ಅಂಗಡಿಗೆ ಬರೋರೆಲ್ಲ ತಮ್ಮ ದನಿ ಟೇಪಿನಾಗೆ ಕೇಳಿ 'ಇದು ನಂದಲ್ಲ' ಅಂತಲೇ ಜಗಳ ತೆಗೀತಾರೆ. ತನ್ನ ನಗು ತನಗೆ ಗುರುತು ಸಿಗಲ್ಲ."

"ಆ ನಗು ಕೇಳೇ ನಿಮ್ಮ ಮನೆಗೆ ಹೆಣ್ಣು ಕೇಳಕ್ಕೆ ಬಂದಿದ್ದು," ಚಿನ್ನಯ್ಯಣ್ಣ ನೆಲ ನೋಡುತ್ತಾ ಹೇಳಿದ. "ನಿನಗೆ ಗೊತ್ತೈತೆ ಅಂದ್ಕೊಂಡಿದ್ದೆ."

"ಒಂದು ಮಾತು ಹೇಳಕ್ಕೆ ನಿಮ್ಮ ಬಾಯಿಗೇನಾಗಿತ್ತು?" ಅವನ ಭುಜಕ್ಕೆ ಗುದ್ದಿದಳು. ಗುದ್ದುತ್ತಾ ಅತ್ತಳು. ಅಳುವಿನ ಕೊನೆಗೂ ಅದೇ ಬಿಕ್ಕಳಿಕೆ ಬಂತು.

ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ? ನನ್ನ ನಗುವನ್ನು ಯಾರೂ ಮೂವತ್ತೈದು ದಿನವೂ ಇಟ್ಟುಕೊಂಡವರಿಲ್ಲ.

ಗೀತಮ್ಮ ಕಣ್ಣೊರೆಸಿಕೊಂಡು ಟೇಪಿನ ಹತ್ತಿರ ಬಂದು ಕೂತಳು. "ಇನ್ನೊಂದ್ಸಲ ಹಾಕವ್ವಾ."

ಹಾಕಿದೆ. ಹುಡುಗಿ ಗಲಗಲ ನಕ್ಕಳು. ಗೀತಮ್ಮ ತಲೆ ಬಾಗಿಸಿ ಕೇಳಿದಳು.

"ಎಷ್ಟು ಚೆಂದ ನಗ್ತಾಳೆ, ಮುಂಡೇದು," ಅಂದಳು. "ಇಷ್ಟು ದಿನ ಗಂಗಲಕ್ಷ್ಮಿ ಮ್ಯಾಲೆ ಉರೀತಿತ್ತು ಪುಷ್ಪಾ. ಈಗ ಇವಳ ಮ್ಯಾಲೆ ಉರೀತೈತೆ."