ಮಾತ್ರೆಯಾಗದ ಪಾಯಿಂಟು

"ಹತ್ತು ಹೆಜ್ಜೆ ನಡೆಯಲಾರದವರಿಗೆ ವಿಮಾನದ ಕಾರ್ಡ್ ಮಾರಿದ್ದೀರಲ್ಲ... ನಿಮಗೆ ಮನಸ್ಸಾದ್ರೂ ಹೇಗೆ ಬಂತು?"

ಬ್ಯಾಂಕಿನ ಕಾರ್ಡ್ ವಿಭಾಗದ ಗಾಜಿನ ಮೇಜಿನ ಮೇಲೆ ನೀಲಿ ಕಾರ್ಡೊಂದು ಠಪ್ಪೆಂದು ಬಿತ್ತು.

ಅವಳು ತಲೆಯೆತ್ತಿದಳು. ಎದುರಿಗೆ ನಿಂತವನ ಅಂಗಿಯ ತೋಳಿಗೆ, ಹುಬ್ಬಿಗೆ, ಕಿವಿಯ ಅಂಚಿಗೂ ಬಿಳಿಯ ಪುಡಿ ಮೆತ್ತಿಕೊಂಡಿತ್ತು. ಕಣ್ಣು ಮಾತ್ರ ಕೆಂಪಗೆ ಉರಿಯುತ್ತಿತ್ತು.

"ಕಾರ್ಡ್ ನಿಮ್ಮ ಹೆಸರಲ್ಲಿದೆಯಾ ಸರ್?"

"ನಮ್ಮಮ್ಮನ ಹೆಸರಲ್ಲಿದೆ. ಮೂರು ವರ್ಷದಿಂದ ಹಾಸಿಗೆ ಹಿಡಿದಿದ್ದಾರೆ. ನಮ್ಮನೆ ಖರ್ಚು ಅಂದ್ರೆ ಔಷಧಿ ಅಂಗಡಿ, ದಿನಸಿ ಅಂಗಡಿ, ಕರೆಂಟ್ ಬಿಲ್ಲು. ಕ್ಯಾಶ್‌ಬ್ಯಾಕ್ ಕಾರ್ಡ್ ಕೊಟ್ಟಿದ್ರೆ ತಿಂಗಳು ತಿಂಗಳು ಒಂದಿಷ್ಟು ಹಣವಾದ್ರೂ ವಾಪಸ್ ಬರ್ತಿತ್ತು. ಟಿಕೆಟ್ಟಿಗೆ ಪಾಯಿಂಟ್ ಕೊಡೋ ಕಾರ್ಡ್ ಯಾಕ್ರೀ? ಅವರು ಎಲ್ಲಿಗೆ ಹಾರ್ಬೇಕು?"

ಅವಳು ಕಾರ್ಡನ್ನು ಮೆಲ್ಲಗೆ ಅವನ ಕಡೆಗೆ ಸರಿಸಿದಳು.

"ಅವರೇ ಆರಿಸಿಕೊಂಡಿದ್ದು ಸರ್. ಬದಲಾಯಿಸೋದಾದ್ರೂ ಅವರೇ ಹೇಳ್ಬೇಕು."

"ಚೆನ್ನಾಗಿ ಕಲಿಸಿದ್ದಾರೆ ಮಾತು! ಕಮಿಷನ್ ಎಷ್ಟು ಬಂತು?"

ಅವನು ಕಾರ್ಡು ಎತ್ತಿಕೊಂಡು ಹೊರಟುಹೋದ. ಗಾಜಿನ ಮೇಲೆ ಬಿಳಿ ಬೆರಳಚ್ಚುಗಳು ಉಳಿದವು. ಪಕ್ಕದ ಕ್ಯಾಷಿಯರಕ್ಕ ಬಗ್ಗಿ ನೋಡಿದಳು.

"ಯಾರೇ ಅದು, ಹಿಟ್ಟಿನ ಗಿರಣಿಯಿಂದ ಎದ್ದು ಬಂದೋನು?"

"ಹಲ್ಲಿನ ಸೆಟ್ಟು ಮಾಡೋರು ಅಕ್ಕ. ಅದು ಅಚ್ಚು ತೆಗೆಯೋ ಪುಡಿ."

"ನಿಂಗೆ ಹೇಗೆ ಗೊತ್ತು?"

ಗೊತ್ತಿತ್ತು. ಅವನ ವಿಷಯ ಅವಳಿಗೆ ಬಹಳ ಗೊತ್ತಿತ್ತು!

ಎರಡು ವಾರದ ಹಿಂದೆ ಅವನ ತಾಯಿ ಫೋನ್ ಮಾಡಿ ಅವಳನ್ನು ಮನೆಗೆ ಕರೆಸಿಕೊಂಡಿದ್ದರು, ಮಗ ಕ್ಲಿನಿಕ್ಕುಗಳಿಗೆ ಸೆಟ್ಟು ಕೊಟ್ಟುಬರಲು ಹೋಗುವ ಹೊತ್ತು ನೋಡಿಕೊಂಡು. ಎರಡೇ ಕೋಣೆಯ ಮನೆ. ಒಂದರಲ್ಲಿ ಹಾಸಿಗೆ; ಇನ್ನೊಂದರಲ್ಲಿ ಉದ್ದನೆಯ ಮೇಜಿನ ಮೇಲೆ ಸಾಲುಸಾಲಾಗಿ ಯಾರು ಯಾರದೋ ದವಡೆಗಳ ಬಿಳಿ ಅಚ್ಚುಗಳು.

ಅವಳು ಹಾಳೆಯೊಂದರ ನಡುವೆ ಗೆರೆ ಎಳೆದು, ಎಡಕ್ಕೆ ಕ್ಯಾಶ್‌ಬ್ಯಾಕ್, ಬಲಕ್ಕೆ ಪ್ರಯಾಣದ ಕಾರ್ಡು ಎಂದು ಲೆಕ್ಕ ಬರೆದು ತೋರಿಸಿದ್ದಳು.

"ನಿಮ್ಮ ಖರ್ಚಿಗೆ ಎಡಗಡೆಯದೇ ಲಾಭ ಅಮ್ಮ. ಬಲಗಡೆಯದಕ್ಕೆ ವರ್ಷದ ಶುಲ್ಕ ಬೇರೆ. ಆ ಪಾಯಿಂಟನ್ನ ಟಿಕೆಟ್ಟಿಗೆ ಬಿಟ್ಟು ಬೇರೆ ಯಾವುದಕ್ಕೂ ಬಳಸೋಕಾಗಲ್ಲ."

"ಬೇರೆ ಯಾವುದಕ್ಕೂ?" ಆ ಬಾಡಿದ ಮುಖದಲ್ಲಿ ಕಣ್ಣುಗಳು ಮಿಂಚಿದ್ದವು. "ಮಾತ್ರೆ ಬರಲ್ವಾ? ಇಂಜೆಕ್ಷನ್?"

"ಇಲ್ಲಮ್ಮ."

"ಹಾಗಾದ್ರೆ ನಂಗೆ ಅದೇ ಕೊಡು ತಾಯಿ."

ಆಮೇಲೆ ಆಕೆ ಮೆಲ್ಲಗೆ ಹೇಳಿದ್ದರು. ಮೂರು ವರ್ಷದಿಂದ ಪ್ರತಿ ವರ್ಷವೂ ಸಮುದ್ರದಾಚೆಯ ಒಬ್ಬ ಗುರುವಿನಿಂದ ಮಗನಿಗೆ ಪತ್ರ ಬರುತ್ತದೆ. ಪಿಂಗಾಣಿ ಹಲ್ಲಿನ ಕೆಲಸ, ಮೂರು ತಿಂಗಳ ಕಲಿಕೆ, ಶುಲ್ಕವಿಲ್ಲ; ಬರುವ ಖರ್ಚು ಮಾತ್ರ ಅವನದು. ಪ್ರತಿ ವರ್ಷವೂ ಅವನು 'ಆಗುವುದಿಲ್ಲ' ಎಂದು ಬರೆಯುತ್ತಾನೆ.

"ಅಂಗಿ ತಗೋ ಅಂತ ಹಣ ಕೊಟ್ಟೆ, ನಂಗೆ ಗಾಳಿ ಹಾಸಿಗೆ ತಂದ. ಬಳೆ ಮಾರಿ ಹೋಗಿ ಬಾ ಅಂದೆ, ಆ ದುಡ್ಡಲ್ಲಿ ನನ್ನ ಸ್ಕ್ಯಾನ್ ಮಾಡಿಸ್ದ. ಹಣ ಅಂತ ಈ ಮನೆಗೆ ಏನು ಬಂದ್ರೂ ನನ್ನ ಬಾಯಿಗೆ ಮಾತ್ರೆಯಾಗಿ ಬೀಳುತ್ತೆ ಕಣೇ. ಮಾತ್ರೆ ಆಗದೇ ಇರೋದು ಏನಾದ್ರೂ ಕೂಡಿಸ್ಬೇಕು ನಾನು. ನನ್ನ ತಂಗಿ ಮೂರು ತಿಂಗಳು ಬಂದಿರ್ತೀನಿ ಅಂದಿದ್ದಾಳೆ. ಇದು ಯಾಕೆ ಅಂತ ಅವನಿಗೆ ಮಾತ್ರ ಹೇಳ್ಬೇಡ... ಗೊತ್ತಾದ ದಿನವೇ ಮುಚ್ಚಿಸಿಬಿಡ್ತಾನೆ."

"ಹೇಳಲ್ಲಮ್ಮ."

ಆ ಎರಡು ಪದಗಳನ್ನು ಅವಳು ದೇವರೆದುರು ಹೇಳಿದಂತೆ ಹೇಳಿದ್ದಳು.

ಅವನು ಮುಂದಿನ ತಿಂಗಳೂ ಬಂದ. ಬಿಲ್ಲು ಕಟ್ಟಲು ಬಂದವನು ಜಗಳವಾಡಿಯೇ ಹೋದ. ಅದರ ಮುಂದಿನ ತಿಂಗಳೂ ಅಷ್ಟೇ. ನಾಲ್ಕನೆಯ ತಿಂಗಳಿಗೆ ಜಗಳದ ಖಾರ ಇಳಿಯಿತು. ಆರನೆಯ ತಿಂಗಳಿಗೆ ಅವನು ಕೈ ತೊಳೆದು, ತಲೆ ಬಾಚಿಕೊಂಡು ಬರತೊಡಗಿದ.

"ಬಂದ್ರು ನೋಡೇ ನಿನ್ನ ಹಲ್ಲಿನ ಸಾಹೇಬ್ರು!" ಎಂದು ಕ್ಯಾಷಿಯರಕ್ಕ ರೇಗಿಸುತ್ತಿದ್ದಳು. ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು.

"ಯಾಕೆ ಬಾಯಿ ಮುಚ್ಕೊಳ್ತೀರಿ?" ಎಂದು ಒಂದು ದಿನ ಅವನು ಕೇಳಿಯೇಬಿಟ್ಟ. "ಮೂಲೆ ಮುರಿದ ಆ ಹಲ್ಲನ್ನ ಮೊದಲನೇ ದಿನವೇ ನೋಡಿದ್ದೀನಿ."

"ಮೊದಲನೇ ದಿನ ನೀವು ಬೈತಿದ್ರಿ!"

"ಬೈತಾನೇ ನೋಡಿದೆ. ಕಸುಬು ಕಣ್ರೀ."

"ಸರಿ ಮಾಡಿಕೊಡ್ತೀರಾ?"

"ಮಾಡಬಹುದು." ಅವನು ಬಿಲ್ಲನ್ನು ಮಡಚಿ ಜೇಬಿಗಿಟ್ಟ. "ಮಾಡಲ್ಲ. ಹಾಗೇ ಚೆನ್ನಾಗಿದೆ."

ಆ ದಿನವೆಲ್ಲ ಅವಳ ಬೆರಳುಗಳು ಅಂಕಿಗಳನ್ನು ತಪ್ಪಾಗಿ ಒತ್ತಿದವು. *ಇವನಿಂದ ನಾನೊಂದು ವಿಷಯ ಮುಚ್ಚಿಟ್ಟಿದ್ದೇನೆ... ತಿಳಿದ ದಿನ ಇದೇ ಕಣ್ಣಿನಿಂದ ನನ್ನನ್ನು ನೋಡುತ್ತಾನೆಯೇ?*

ಹನ್ನೊಂದನೆಯ ತಿಂಗಳು ಅವನು ತಲೆ ಬಾಚಿರಲಿಲ್ಲ.

ಮೇಜಿನ ಮೇಲೆ ಒಂದು ಹಾಳೆ ಹರಡಿದ. ನಡುವೆ ಗೆರೆ. ಎಡಕ್ಕೆ ಹೆಚ್ಚು, ಬಲಕ್ಕೆ ಕಡಿಮೆ.

"ದಿಂಬಿನ ಚೀಲ ಬದಲಾಯಿಸುವಾಗ ಸಿಕ್ತು. ಇದು ನಿಮ್ಮ ಅಕ್ಷರ ತಾನೇ?"

"...ಹೌದು."

"ಅಂದ್ರೆ ಗೊತ್ತಿದ್ದೂ ಮಾರಿದ್ರಿ. ಲಾಭ ಯಾವುದ್ರಲ್ಲಿದೆ ಅಂತ ನಿಮ್ಮ ಕೈಯಾರೆ ಬರೆದು, ನಷ್ಟದ್ದನ್ನ ಕೈಗೆ ಕೊಟ್ರಿ!"

"ಅಮ್ಮನ್ನ ಕೇಳಿದ್ರಾ?"

"ಕೇಳಿದೆ. 'ನಂಗೇನು ಗೊತ್ತಪ್ಪ, ಆ ಹುಡುಗಿ ತೋರಿಸಿದ ಕಡೆ ಸಹಿ ಹಾಕಿದೆ' ಅಂದ್ರು."

ಆ ತಾಯಿ ಹೀಗಂದರೇ? ಹೆದರಿ ಅಂದಿರಬೇಕು. ಇನ್ನು ಎರಡೇ ತಿಂಗಳು ಕಳೆದರೆ ಪಾಯಿಂಟು ಟಿಕೆಟ್ಟಿನಷ್ಟಾಗುತ್ತಿತ್ತು. ಅಷ್ಟಕ್ಕಾಗಿ ಅಂದಿರಬೇಕು.

ಅವನ ದನಿ ಇದ್ದಕ್ಕಿದ್ದಂತೆ ತಗ್ಗಿತು. "ಏನಾದ್ರೂ ಒಂದು ಕಾರಣ ಹೇಳ್ರೀ... ಸುಳ್ಳಾದ್ರೂ ಸರಿ, ನಂಬ್ತೀನಿ."

ಸುಳ್ಳು ಬೇಕಿರಲಿಲ್ಲ. ನಿಜವೇ ನಾಲಿಗೆಯ ತುದಿಯಲ್ಲಿತ್ತು! ಅವಳು ತುಟಿ ಕಚ್ಚಿದಳು. ಹಾಳೆಯನ್ನೇ ನೋಡುತ್ತ ಕುಳಿತಳು.

ಅವನು ಕಾದ. ಗೋಡೆ ಗಡಿಯಾರದ ಮುಳ್ಳು ಒಂದು ಸುತ್ತು ಪೂರ್ತಿ ಬರುವವರೆಗೆ ಕಾದ. ಆಮೇಲೆ ಎದ್ದು ಮ್ಯಾನೇಜರ್ ಕೋಣೆಗೆ ಹೋಗಿ ಲಿಖಿತ ದೂರು ಕೊಟ್ಟ.

ಮರುದಿನದಿಂದ ಅವಳ ಮೇಜಿನಲ್ಲಿ ಬೇರೆಯವರು ಕುಳಿತರು. ಅವಳನ್ನು ಹಳೆಯ ಕಡತಗಳ ಕೋಣೆಗೆ ಹಾಕಿದರು.

"ವಿವರಣೆ ಕೇಳಿದ್ರೆ ಬಾಯೇ ಬಿಡಲ್ಲ ನೀನು. ನಾನೇನು ಮಾಡ್ಲಿ ಮಾರಾಯ್ತಿ?" ಎಂದು ಮ್ಯಾನೇಜರ್ ಹಣೆ ಒತ್ತಿಕೊಂಡರು. "ಅವರಿಗೆ ಕಾರ್ಡ್ ಮುಚ್ಚಬೇಕಂತೆ. ಆ ತಾಯಿಯ ಸಹಿ ಬೇಕು. ನೀನು ಮಾರಿದ್ದನ್ನ ನೀನೇ ಹೋಗಿ ಮುಚ್ಚಿಸ್ಕೊಂಡು ಬಾ."

ಮುಚ್ಚಿದರೆ ಪಾಯಿಂಟೆಲ್ಲ ಅಳಿಯುತ್ತದೆ. ಹನ್ನೊಂದು ತಿಂಗಳ ಒಂದೊಂದು ಸೀಸೆ, ಒಂದೊಂದು ಚೀಲ ಅಕ್ಕಿ, ಎಲ್ಲವೂ.

ಬಾಗಿಲು ತೆರೆದವನು ಅವನೇ. ಪಕ್ಕಕ್ಕೆ ಸರಿದ.

ಅವಳು ಹಾಸಿಗೆಯ ಬಳಿ ಕುಳಿತು ಅರ್ಜಿಯನ್ನು ಬಿಡಿಸಿದಳು.

"ಇಲ್ಲಿ ಸಹಿ ಮಾಡಿದ್ರೆ ಕಾರ್ಡ್ ಮುಚ್ಚುತ್ತೆ ಅಮ್ಮ. ಪಾಯಿಂಟು ಹೋಗುತ್ತೆ. ಇದನ್ನ ನಾನು ಹೇಳಲೇಬೇಕು, ನಿಯಮ."

ತಾಯಿ ಕಾಗದ ನೋಡಲಿಲ್ಲ. ಅವಳ ಮುಖ ನೋಡಿದರು. ಕಣ್ಣ ಕೆಳಗಿನ ಕಪ್ಪು ನೋಡಿದರು.

"ಇವನಿಗೆ ನೀನಿನ್ನೂ ಹೇಳಿಲ್ವೇನೇ?"

"ಹೇಳಲ್ಲ ಅಂದಿದ್ನಲ್ಲಮ್ಮ."

"ಅಯ್ಯೋ ಹುಚ್ಚಿ!" ಆ ಒಣಗಿದ ಕೈ ಅವಳ ಕೆನ್ನೆ ಹುಡುಕಿಕೊಂಡು ಬಂತು. "ನಾನು ಸುಳ್ಳು ಹೇಳಿದೆ, ನೀನು ಪೆಟ್ಟು ತಿಂದೆ... ಬಾರೋ ಇಲ್ಲಿ!"

ಅವನು ಹೊಸ್ತಿಲಲ್ಲಿ ನಿಂತಿದ್ದ.

"ಅವಳು ಎಡಗಡೆಯದೇ ತಗೋ ಅಂತ ಮೂರು ಸಲ ಹೇಳಿದ್ಳು. ಬೇಡ ಅಂದೋಳು ನಾನು. ನಗದು ಬಂದ್ರೆ ನೀನು ನಂಗೇ ಸುರೀತೀಯ. ಅದಕ್ಕೇ ನನ್ನ ರೋಗಕ್ಕೆ ಖರ್ಚಾಗದ ಕಾಸು ಕೂಡಿಸ್ದೆ. ಮೂರು ಪತ್ರ ಬಂತು, ಮೂರಕ್ಕೂ ನೀನು ಇಲ್ಲ ಅಂದೆ. ನಾಲ್ಕನೇದಕ್ಕೆ ಹೋಗ್ತೀಯ. ನಿನ್ನ ಚಿಕ್ಕಮ್ಮ ಬರ್ತಾಳೆ. ಸಹಿ ಗಿಹಿ ಹಾಕಲ್ಲ ನಾನು!"

"ನಿನ್ನ ಬಿಟ್ಟು ಹೇಗಮ್ಮ..."

"ನೀನು ಇಲ್ಲೇ ಕೂತ್ರೆ ನಾನು ಎದ್ದು ಓಡಾಡ್ತೀನೇನೋ? ನನ್ನಿಂದ ನಿನ್ನ ಕಲಿಕೆ ನಿಂತು ಹೋಯ್ತು ಅಂತ ನಾಲ್ಕು ವರ್ಷದಿಂದ ಈ ಮಾಡು ನೋಡ್ಕೊಂಡು ಬಿದ್ದಿದ್ದೀನಿ. ಆ ನೋವಿಗೆ ಯಾವ ಮಾತ್ರೆ ತರ್ತೀಯೋ?"

ಅವನು ಕುಸಿದು ನೆಲದ ಮೇಲೆ ಕುಳಿತ. ತಾಯಿಯ ಕಾಲ ಬಳಿ ಹಣೆಯಿಟ್ಟ. ಭುಜಗಳು ಸದ್ದಿಲ್ಲದೆ ಅದುರಿದವು.

ಅವಳು ಅರ್ಜಿಯನ್ನು ಮಡಚಿಕೊಂಡು ಹೊರಬಂದಳು. ಎರಡನೆಯ ಮೆಟ್ಟಿಲು ಇಳಿಯುವಷ್ಟರಲ್ಲಿ ಹಿಂದಿನಿಂದ ಹೆಜ್ಜೆ ಸದ್ದು.

"ನಿಲ್ರೀ... ದೂರು ವಾಪಸ್ ತಗೋತೀನಿ. ಈಗಲೇ ಬರ್ತೀನಿ ಬ್ಯಾಂಕಿಗೆ."

"ತಗೊಳ್ಳಿ. ಆದ್ರೂ ಅದು ನನ್ನ ಕಡತದಲ್ಲಿ ಉಳಿಯುತ್ತೆ. ಈ ವರ್ಷದ ಬಡ್ತಿ ಹೋಯ್ತು." ಅವಳ ದನಿ ಒಡೆಯಿತು. "ಅದಕ್ಕೆ ಬೇಜಾರಿಲ್ಲ. ಸುಳ್ಳಾದ್ರೂ ನಂಬ್ತೀನಿ ಅಂದ್ರಿ. ನಾನು ಸುಮ್ಮನಿದ್ದೆ... ಆ ಸುಮ್ಮನಿದ್ದಿದ್ದನ್ನ ನಂಬಲಿಲ್ಲ ನೀವು."

ಇಬ್ಬರ ನಡುವೆ ಎರಡು ಮೆಟ್ಟಿಲುಗಳಿದ್ದವು.

"ತಪ್ಪಾಯ್ತು," ಎಂದ ಕೊನೆಗೆ. "ನಾನು ಅಷ್ಟು ಸಿಟ್ಟಾಗಿದ್ದು ಕಾರ್ಡಿಗಲ್ಲ. ಮೋಸ ಮಾಡಿದ್ದು ನೀವು ಅಂತ. ಬೇರೆ ಯಾರೇ ಆಗಿದ್ರೂ ಬೈದು ಮರೀತಿದ್ದೆ. ನಿಮ್ಮನ್ನ ಮರೆಯೋಕಾಗಲಿಲ್ಲ... ತಿಂಗಳಿಡೀ ಬಿಲ್ಲಿನ ದಿನ ಕಾಯ್ತಿದ್ದೋನು ನಾನು."

ಅವಳು ಗೋಡೆಯ ಕಡೆ ತಿರುಗಿದಳು. ಅಳು ಬಂದಿದ್ದು ಅವನಿಗೆ ಕಾಣಬಾರದಿತ್ತು.

"ನಾನೂ ಕಾಯ್ತಿದ್ದೆ," ಎಂದಳು ಗೋಡೆಗೆ.

ಅವನು ಒಂದು ಮೆಟ್ಟಿಲು ಇಳಿದ.

"ಅಮ್ಮ ಹೋಗು ಅಂತಾರೆ. ಚಿಕ್ಕಮ್ಮನೂ ಹೋಗು ಅಂತಾಳಂತೆ. ನೀವೂ ಅದಕ್ಕೇ ವರ್ಷ ಪೂರ್ತಿ ಬಾಯಿ ಮುಚ್ಕೊಂಡಿದ್ರಿ. ಎಲ್ಲರೂ ಹೋಗು ಅನ್ನೋರೇ... ಬಾ ಅನ್ನೋರು ಯಾರೂ ಇಲ್ವಾ ನಂಗೆ?"

ಅವಳು ತಿರುಗಿದಳು. ಕೆನ್ನೆ ಒರೆಸಿಕೊಳ್ಳಲಿಲ್ಲ.

"ಮೊದಲು ಹೋಗಿ. ಹೋಗದೇ ಇರೋರನ್ನ ಬಾ ಅಂತ ಹೇಗೆ ಕರೀಲಿ?"

"ಕರೀತೀರಾ?"

"ಮೂರು ತಿಂಗಳು. ಒಂದು ದಿನ ಹೆಚ್ಚಾದ್ರೂ ಸುಮ್ಮನಿರಲ್ಲ ನಾನು."