ಸುಡದೆ ಉಳಿದ ಸೋಗು

“ಮೆರವಣಿಗಿ ಮುಗದ ದಿನಾನ ಸುಟ್ಟಬಿಡವಾ ತಂಗಿ. ಒಂದ್ ದಿನಾನೂ ಮನ್ಯಾಗ ಇಟ್ಕೋಬ್ಯಾಡ. ಬೈಗಳಾ ತಿಂದು ಬೆಳದದ್ದಿದು. ಬೆಂಕಿ ಕೊಡಲಿಲ್ಲಂದ್ರ ತಾನ ಒಂದು ಮುಖಾ ಹುಡುಕೋತೈತಿ.”

ಐರ್ಲೆಂಡಿನ ಲಿಮೆರಿಕ್‌ನಲ್ಲಿ, ಅಪರ್ಣಾಳ ಅಡುಗೆಮನೆಯಲ್ಲಿ ಕೂತು ನೀಲವ್ವ ಹೀಗೆಂದಾಗ ಅಪರ್ಣಾ ಚಹಾ ನೆತ್ತಿಗೇರುವಷ್ಟು ನಕ್ಕಳು.

“ಸುಡೋದಾ? ಹತ್ತು ವಾರ ಕೂತು ಹೊಲಿದಿದೀನಮ್ಮ. ಇದನ್ನ ಉಳಿಸೋಕೇ ಅಲ್ವಾ ನಾನು ಕಲಿತಿದ್ದು?”

“ಕಲ್ತದ್ದು ಉಳಸ್ಕೋ. ಸೋಗು ಉಳಸಬ್ಯಾಡ.”

ನೀಲವ್ವ ಬಾಗಲಕೋಟೆ ಕಡೆಯ ಹೆಂಗಸು. ಪಕ್ಕದ ಬೀದಿಯ ಮಗನ ಮನೆಗೆ ಮೂರು ತಿಂಗಳ ಮಟ್ಟಿಗೆ ಬಂದವಳು. ಹೋಳಿ ಹಬ್ಬಕ್ಕೆ ಸೋಗು ಹಾಕಿ ಕುಣಿಯುವ ಊರು ಅವಳದು. ಆ ಸೋಗಿಗೆ ಮಣಿಯ ಮುಖ ಹೊಲಿಯುವ ವಿದ್ಯೆ ಅವಳ ಮನೆತನದ ಹೆಂಗಸರದು. ವರ್ಷವಿಡೀ ನುಂಗಿಕೊಂಡ ಸಿಟ್ಟನ್ನು ಮಣಿಗೊಂದು ಬೈಗುಳದಂತೆ ಬಟ್ಟೆಗೆ ಹೊಲಿಯುವುದು, ಒಂದು ದಿನ ಕುಣಿಸುವುದು, ಆಮೇಲೆ ಸುಟ್ಟುಹಾಕಿ ತಣ್ಣಗಾಗಿ ಮನೆಗೆ ಹೋಗುವುದು. ಸೊಸೆಗೆ ಇದೆಲ್ಲ ಬೇಡವಾಗಿತ್ತು. ಅಪರ್ಣಾಗೆ ಬೇಕಾಗಿತ್ತು. ಮಾರ್ಚಿನ ಐರಿಶ್ ಹಬ್ಬವಾದ ಸೇಂಟ್ ಪ್ಯಾಟ್ರಿಕ್ ದಿನದ ಮೆರವಣಿಗೆಯಲ್ಲಿ ಕನ್ನಡದವರ ಸೋಗು ಕುಣಿಯಬೇಕು, ಈ ಕಲೆ ಉಳಿಯಬೇಕು ಎಂದು ಅವಳು ಹಟ ಹಿಡಿದಿದ್ದಳು. ದಿನವೂ ಮೇಜಿನ ಮೇಲೆ ಫೋನ್ ನಿಲ್ಲಿಸಿ ತನ್ನ ಹೊಲಿಗೆಯನ್ನೆಲ್ಲ ವಿಡಿಯೋ ಮಾಡಿಟ್ಟಳು. ಕಲೆ ಉಳಿಸುವವರಿಗೆ ಕಲೆ ಹೇಳುವ ಮಾತು ಮಾತ್ರ ಕಿವಿಗೆ ಬೀಳುವುದಿಲ್ಲ!

ಸಿಟ್ಟಿಗಂತೂ ಅವಳಲ್ಲಿ ಬರವಿರಲಿಲ್ಲ. ಐದು ವರ್ಷ ಜೀವ ತೇಯ್ದು ಕಟ್ಟಿದ ಟೀಮನ್ನು ಆಫೀಸಿನವರು ನಿನ್ನೆ ಮೊನ್ನೆ ಬೆಂಗಳೂರಿನಿಂದ ಬಂದ ಹೇಮಚಂದ್ರನ ಕೈಗೆ ಕೊಟ್ಟಿದ್ದರು. ಅಲ್ಲಿ ಹಲ್ಲು ಕಿರಿದು ಅಭಿನಂದನೆ ಹೇಳಿ ಬಂದವಳು ಇಲ್ಲಿ ಸೂಜಿ ಹಿಡಿದು ಕೂರುತ್ತಿದ್ದಳು. ಈ ಮಣಿ ಅವನ ಕಣ್ಣಿಗೆ, ಈ ಮಣಿ ಅವನ ನಾಲಿಗೆಗೆ. ಗಂಡ ದಿಲೀಪ್ ಕೆಲಸದ ಮೇಲೆ ಡನ್‌ಡಾಕ್‌ನಲ್ಲಿದ್ದ, ಶನಿವಾರಕ್ಕೊಮ್ಮೆ ಬರುತ್ತಿದ್ದ. ಮನೆಯಲ್ಲಿ ಅವಳು, ಅವಳ ಸಿಟ್ಟು, ಮತ್ತು ಅಮ್ಮನನ್ನು ಐರಿಶ್ ಮಕ್ಕಳಂತೆ ‘ಮ್ಯಾಮ್’ ಎಂದು ಕರೆಯುವ, ಬಾಯಿಗೆ ಬಿಡುವಿಲ್ಲದ ಏಳು ವರ್ಷದ ಮಗಳು ಪ್ರಕೃತಿ.

ನೀಲವ್ವ ಊರಿಗೆ ಹೋದಳು. ಮೆರವಣಿಗೆ ಚೆನ್ನಾಗಿಯೇ ಆಯಿತು. ಸೋಗು ಕಟ್ಟಿ ಕುಣಿದ ದಿಲೀಪ್ ಅದನ್ನು ಕಳಚಿದಾಗ ಬೆವೆತು ಬಿಳುಚಿಕೊಂಡಿದ್ದ. “ಒಳಗೆ ಯಾರೋ ಉಸಿರಾಡ್ದಂಗಾಯ್ತು ಕಣೆ,” ಎಂದ. ಅಪರ್ಣಾ ಅದಕ್ಕೂ ನಕ್ಕಳು. ಏಪ್ರಿಲ್‌ನಲ್ಲಿ ಒಂದು ಪ್ರದರ್ಶನಕ್ಕೆ ಸೋಗನ್ನು ಕೇಳಿದ್ದರು. ಗಾಳಿಗುಳ್ಳೆಗಳಿರುವ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮಹಡಿಯ ಕೋಣೆಯ ಬೀರುವಿನ ಮೇಲಿಟ್ಟಳು. ನಿಜ ಹೇಳಬೇಕೆಂದರೆ ಪ್ರದರ್ಶನ ಬರೀ ನೆಪ. ಆ ಸಿಟ್ಟನ್ನು ಸುಡಲು ಅವಳಿಗೆ ಮನಸ್ಸಿರಲಿಲ್ಲ.

ಮೂರನೆಯ ದಿನ ಪ್ರಕೃತಿಯ ಕೆಳತುಟಿಯ ಮೇಲೊಂದು ಗುಳ್ಳೆ ಎದ್ದಿತು. ಕೆಂಪಗೆ, ದುಂಡಗೆ. ಮುಟ್ಟಿದರೆ ಗಾಜಿನಷ್ಟು ಗಟ್ಟಿ, ತಣ್ಣಗೆ. ಡಾಕ್ಟರು ಮುಲಾಮು ಕೊಟ್ಟು ವಾರದಲ್ಲಿ ಎಲ್ಲ ಗ್ರ್ಯಾಂಡ್, ವಾಸಿಯಾಗುತ್ತದೆ ಎಂದರು. ಮರುದಿನ ಒಂಬತ್ತು ಗುಳ್ಳೆಗಳಾದವು. ಅದರ ಮರುದಿನ ಮೇಲ್ತುಟಿಗೂ ಹತ್ತಿದವು. ಸಾಲು ದಾರ ಹಿಡಿದು ಎಳೆದಷ್ಟು ನೇರವಾಗಿತ್ತು.

“ಇಟ್ಸ್ ಪುಲಿಂಗ್, ಮ್ಯಾಮ್,” ಎಂದಳು ಮಗಳು, ತುಟಿ ಅಲುಗಿಸಲಾಗದೆ. ಅದೇ ಕೊನೆಯ ಮಾತು. ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಬಾಯಿ ಪೂರ್ತಿ ಮುಚ್ಚಿಹೋಯಿತು. ಹಾಲು ಕುಡಿಸಲು ಚಮಚವೂ ತೂರಲಿಲ್ಲ. ಆಂಬುಲೆನ್ಸಿಗೆ ಫೋನ್ ಮಾಡಿದಳು. ಬರುತ್ತದೆ, ಕಾಯಿರಿ ಎಂದರು.

ಆಗ ಮೇಲಿನ ಕೋಣೆಯಿಂದ ಸದ್ದು ಬಂತು. ಟಿಕ್. ಟಿಕ್. ಮಣಿಗೆ ಮಣಿ ತಾಗುವ ಸದ್ದು.

ಅಪರ್ಣಾ ಮೆಟ್ಟಿಲು ಹತ್ತಿದಳು. ಕೋಣೆಯ ತುಂಬ ಸೋಗಿಗೆ ಹಚ್ಚಿದ್ದ ಹುಣಸೆಬೀಜದ ಅಂಟಿನ ಹುಳಿ ವಾಸನೆ, ಅದರಡಿಯಲ್ಲಿ ಊಟವಿಲ್ಲದ ಬಾಯಿಯ ವಾಸನೆ. ಗುಳ್ಳೆ ಪ್ಲಾಸ್ಟಿಕ್ಕು ಒಳಗಿನಿಂದ ಮಂಜು ಹಿಡಿದಿತ್ತು. ಹರಿದು ನೋಡಿದಳು. ಸೋಗಿನ ಬಾಯಿಯಲ್ಲಿ ಒಂದೂ ಕೆಂಪು ಮಣಿ ಉಳಿದಿರಲಿಲ್ಲ. ಬರೀ ಸೂಜಿ ಚುಚ್ಚಿದ ತೂತುಗಳು.

ನೀಲವ್ವನಿಗೆ ಫೋನ್ ಮಾಡಿ ಎಲ್ಲ ಹೇಳಿದಳು.

“ಹೊಲಿಯೂ ಮುಂದ ಯಾರ ಹೆಸರ ತಗೊಂಡಿ?”

“ಹೇಮಚಂದ್ರ ಅಂತ, ನಮ್ಮ ಆಫೀಸಿನವನು. ಆದ್ರೆ ಅವನಿಗೇನೂ ಆಗಿಲ್ಲ! ಬೆಳಿಗ್ಗೆ ಆನ್‌ಲೈನ್ ಮೀಟಿಂಗಲ್ಲಿ ನೋಡ್ದೆ, ನಗ್ತಾ ಕೂತಿದ್ದ!”

“ಮನಸಿನ್ಯಾಗ ಅಲ್ಲವಾ. ಬಾಯ್ಲೆ ಯಾರ ಹೆಸರ ತಗೊಂಡಿ?”

ಅಪರ್ಣಾ ಫೋನಿನಲ್ಲಿದ್ದ ಹಳೆಯ ವಿಡಿಯೋ ತೆರೆದಳು. ಪರದೆಯ ಮೇಲೆ ಅವಳದೇ ಕೈ, ಅವಳದೇ ಸೂಜಿ. ಹಿಂದಿನಿಂದ ಮಗುವಿನ ದನಿ: ಮ್ಯಾಮ್, ಲುಕ್. ಮ್ಯಾಮ್, ನಾನು ಡ್ರಾಯಿಂಗ್ ಮಾಡ್ದೆ. ಅವಳದೇ ಗಂಟಲು ಕಿರುಚಿತು: “ಬಾಯ್ ಮುಚ್ಚೆ ಪ್ರಕೃತಿ!” ಸೂಜಿ ಕೆಂಪು ಮಣಿಯೊಂದನ್ನು ಬಟ್ಟೆಗಿಳಿಸಿತು. ಮುಂದಿನ ವಿಡಿಯೋ. “ಬಾಯ್ ಮುಚ್ಚು ಅಂದೆ!” ಇನ್ನೊಂದು ಮಣಿ. “ನಿನ್ ಬಾಯಿ ಹೊಲಿದುಬಿಡ್ತೀನಿ ನೋಡು!” ಇನ್ನೊಂದು. ಹತ್ತು ವಾರ. ದಿನಾ. ಹೇಮಚಂದ್ರನ ಹೆಸರು ಎಲ್ಲಿಯೂ ಇರಲಿಲ್ಲ. ಅವನ ಮೇಲಿನ ಸಿಟ್ಟಿಗೆಲ್ಲ ಮೈಯೊಡ್ಡಿದ್ದು ಈ ಕೂಸು. ನಾಚಿಕೆಯಿಂದ ಅವಳ ಕಿವಿ ಸುಟ್ಟುಹೋದವು.

“ಈಗೇನು ಮಾಡ್ಲಿ, ಹೇಳೀಮ್ಮಾ!”

“ಸುಡು. ಆದ್ರ ಅದಕ್ಕೀಗ ಮುಖದ ರುಚಿ ಹತ್ತೈತಿ. ಕೂಸಿನ ಹೆಸರ ಬಿಡಿಸಿ ಬೆಂಕಿ ಮುಂದ ಬ್ಯಾರೆ ಹೆಸರ ಕೂಗಿ ಕೊಡಬೇಕ.”

“ಯಾರದು?”

ಆ ಕಡೆಯಿಂದ ನೀಲವ್ವ ಬಿಕ್ಕುವ ಸದ್ದು ಕೇಳಿತು, ಫೋನ್ ಕಟ್ಟಾಯಿತು.

ಹಿತ್ತಲಲ್ಲಿ ಜಿಟಿಜಿಟಿ ಮಳೆ. ಬಾರ್ಬೆಕ್ಯೂ ಒಲೆಯಲ್ಲಿ ಇದ್ದಿಲು ಸುರಿದು, ಎಣ್ಣೆ ಹೊಯ್ದು, ಸೋಗನ್ನು ಎಸೆದು ಕಡ್ಡಿ ಗೀರಿದಳು. ಗಾಜಿನ ಬಾಗಿಲಿನಾಚೆ ಅಡುಗೆಮನೆಯ ನೆಲದ ಮೇಲೆ ಮಗು ಕೂತಿತ್ತು. ಅದರ ಮೂಗಿನ ಅಂಚಿನಲ್ಲೂ ಮಣಿಗಳು ಮೂಡತೊಡಗಿದ್ದವು. ಉಸಿರಿಗೆ ಉಳಿದಿದ್ದ ದಾರಿ ಅದೊಂದೇ.

“ಹೇಮಚಂದ್ರ!” ಎಂದು ಕೂಗಿದಳು. ಆಗಲೂ ಅವನೇ ನೆನಪಾದ. ಬೆಂಕಿ ಕುಗ್ಗಿತು. ಮತ್ತೆ ಕೂಗಿದಳು. ಹೊಗೆ ನೆಲಕ್ಕಿಳಿಯಿತು. ಮಗು ಕೈಕಾಲು ಬಡಿಯಿತು. ಹೊಗೆಯೊಳಗೆ ಏನೋ ಉಸಿರೆಳೆದುಕೊಂಡಿತು. ಮಗುವಿನ ಕಣ್ಣು ಮೇಲೆ ಸಿಕ್ಕಿಕೊಂಡವು. ಕೈ ನಿಂತಿತು. ಕಾಲು ನಿಂತಿತು.

“ಅಪರ್ಣಾ!” ಎಂದು ಚೀರಿದಳು. “ನನ್ನ ಬಾಯಿ! ನನ್ನ ಮುಖ! ನಾನೇ ಅಂದಿದ್ದು, ನನ್ನನ್ನೇ ತಗೋ!”

ಬೆಂಕಿ ಭುಗ್ಗೆಂದಿತು. ಕೂದಲು ಸುಟ್ಟ ನಾತ. ಮುಖದ ಮೇಲೆ ಸಾವಿರ ಸೂಜಿ. ಅವಳು ಮೊಣಕಾಲೂರಿ ಬಿದ್ದಳು. ಒಳಗಿನಿಂದ ಪಟಪಟನೆ ಸದ್ದು. ಟೈಲ್ಸ್ ಮೇಲೆ ಮಣಿ ಉದುರುವ ಸದ್ದು. ಆಮೇಲೆ ಒಂದು ಉಸಿರು. ಉದ್ದನೆಯ, ತುಂಬು ಉಸಿರು. ಆಮೇಲೆ ಅಳು.

ಬದುಕಿತು. ಕೂಸು ಬದುಕಿತು.

ಗಾಜಿನ ಬಾಗಿಲು ಸರಿಯಿತು. ಪ್ರಕೃತಿ ಹೊಸ್ತಿಲಲ್ಲಿ ನಿಂತಿದ್ದಳು, ತುಟಿಯಲ್ಲಿ ರಕ್ತ ಜಿನುಗುತ್ತಿತ್ತು, ಬಾಯಿ ತೆರೆದಿತ್ತು. ಅಪರ್ಣಾ ಎರಡೂ ಕೈ ಚಾಚಿ ಎದ್ದಳು. ಮಗಳೇ ಎನ್ನಲು ಹೋದಳು. ನಾಲಿಗೆ ಒಳಗಿನಿಂದ ತಣ್ಣಗಿನ ಗಟ್ಟಿ ಸಾಲಿಗೆ ತಾಗಿ ನಿಂತಿತು.

ಮಗು ಅವಳ ಮುಖ ನೋಡಿತು. ಕಿಟಾರನೆ ಕಿರುಚಿತು. ಒಳಗೋಡಿ ಬಾಗಿಲೆಳೆದು ಚಿಲಕ ಹಾಕಿಕೊಂಡಿತು. ಆಮೇಲೆ ಮನೆಯ ಒಂದೊಂದೇ ಕೋಣೆಗೆ ಓಡುತ್ತ ಕೂಗತೊಡಗಿತು.

“ಮ್ಯಾಮ್! ಮ್ಯಾಮ್, ಎಲ್ಲಿದೀಯಾ? ಹಿತ್ತಲಲ್ಲಿ ಯಾರೋ ಇದಾರೆ!”